ಯೂಶೂಕಾನ್: ಝೀರೋ ವಿಮಾನವಿದೆ, ಅದನ್ನು ಹಾರಿಸಿ ಬದುಕಿ ಬಂದ ಮೇಷ್ಟ್ರಿಲ್ಲ

ಟೋಕಿಯೋದ ಯಾಸುಕುನಿ ದೇಗುಲದ ಆವರಣದಲ್ಲಿರುವ ಯೂಶೂಕಾನ್ ಯುದ್ಧ ಸಂಗ್ರಹಾಲಯಕ್ಕೆ ಭಾರತದಿಂದ ಹೋಗುವವರನ್ನು ಸೆಳೆಯುವುದು ಹೆಚ್ಚಾಗಿ ಎರಡು ಸಂಗತಿಗಳು: ಬಾಗಿಲು ದಾಟುತ್ತಲೇ ಎದುರಾಗುವ, ಎರಡನೆಯ ಮಹಾಯುದ್ಧದಲ್ಲಿ ಜಪಾನಿ ನೌಕಾಪಡೆ ಬಳಸಿದ ಝೀರೋ ಯುದ್ಧವಿಮಾನ ಮತ್ತು ಹೊರಗಡೆ ನಿಲ್ಲಿಸಿರುವ ನ್ಯಾಯಮೂರ್ತಿ ರಾಧಾಬಿನೋದ್ ಪಾಲ್ ಅವರ ಸ್ಮಾರಕ. ನನ್ನ ಕಾರಣ ಬೇರೆಯಿತ್ತು. ಝೀರೋ ವಿಮಾನದ ಪೈಲಟ್ ಆಗಿ ಪೆಸಿಫಿಕ್ ಯುದ್ಧದ ದೊಡ್ಡ ಕದನಗಳಲ್ಲಿ ಹಾರಾಡಿ, ಆಮೇಲೆ ತಮ್ಮ ಊರಾದ ನಾಗಾನೊದಲ್ಲಿ ಶಿಶುವಿಹಾರ ತೆರೆದು ದಶಕಗಳ ಕಾಲ ಅದರ ಮುಖ್ಯಸ್ಥರಾಗಿದ್ದ ಕನಾಮೆ ಹರಾದಾ ಅವರ ಬದುಕನ್ನು ಓದಿಕೊಂಡಿದ್ದ ನನಗೆ, ಜಪಾನಿನ ಅತಿ ಪ್ರಸಿದ್ಧ ಯುದ್ಧ ಸಂಗ್ರಹಾಲಯವು ಇಂಥ ಮನುಷ್ಯನನ್ನು ಹೇಗೆ ನೆನೆಯುತ್ತದೆ ಎಂದು ನೋಡುವ ಕುತೂಹಲವಿತ್ತು. ಆದ್ದರಿಂದ ಈ ವಿಮರ್ಶೆಯ ಅಳತೆಗೋಲು ಎಲ್ಲರದ್ದಲ್ಲ ಎಂಬುದನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು. ಆ ಅಳತೆಗೋಲಿನಲ್ಲಿ ಹೇಳುವುದಾದರೆ, ವಸ್ತುಗಳ ಜೋಪಾನ ಮತ್ತು ಪ್ರದರ್ಶನದಲ್ಲಿ ಯೂಶೂಕಾನ್‌ಗೆ ಪೂರ್ಣ ಅಂಕ ಕೊಡಬಹುದು. ಮನುಷ್ಯರ ಕಥೆಯನ್ನು ಹೇಳುವುದರಲ್ಲಿ ಅರ್ಧ ಅಂಕವೂ ಹೆಚ್ಚಾಯಿತು.

ಮೊದಲು ಹರಾದಾ ಅವರ ಪರಿಚಯ. 1916ರ ಆಗಸ್ಟ್ 11ರಂದು ಹುಟ್ಟಿದ ಅವರು ಹದಿಹರೆಯದಲ್ಲೇ ನೌಕಾಪಡೆ ಸೇರಿ, 1937ರಲ್ಲಿ ವೈಮಾನಿಕ ತರಬೇತಿ ಮುಗಿಸಿ, ಅದೇ ವರ್ಷ ಚೀನಾದ ಮೇಲಿನ ಯುದ್ಧಕ್ಕೆ ಹೋದರು. 1941ರ ಹೊತ್ತಿಗೆ ಅವರು ಸೋರ್ಯೂ ಎಂಬ ವಿಮಾನವಾಹಕ ನೌಕೆಯ ಪೈಲಟ್. ಪರ್ಲ್ ಹಾರ್ಬರ್ ದಾಳಿಯ ದಿನ ಅವರಿಗೆ ಸಿಕ್ಕಿದ್ದು ದಾಳಿಯ ಕೆಲಸವಲ್ಲ, ತಮ್ಮದೇ ನೌಕೆಗಳ ಮೇಲೆ ಸುತ್ತು ಹಾಕುತ್ತ ಕಾವಲು ಕಾಯುವ ಕೆಲಸ. ಆಗ ಅದು ಅವರಿಗೆ ನಿರಾಸೆ ತಂದಿತ್ತು. 1942ರ ಏಪ್ರಿಲ್ 5ರಂದು, ಈಸ್ಟರ್ ಭಾನುವಾರ, ಕೊಲಂಬೋ ಮೇಲೆ ನಡೆದ ದಾಳಿಯಲ್ಲಿ ಅವರು ಬ್ರಿಟಿಷ್ ವಿಮಾನಗಳೊಡನೆ ಕಾದಾಡಿದರು. ಜೂನ್‌ನಲ್ಲಿ ಮಿಡ್‌ವೇ ಕದನ. ಸೋರ್ಯೂ ಹೊತ್ತಿ ಉರಿದಾಗ ಹಿರ್ಯೂ ನೌಕೆಯ ಮೇಲೆ ಇಳಿದು, ಅಲ್ಲಿಂದ ಮತ್ತೆ ಹಾರಿ, ಹಿರ್ಯೂ ಕೂಡ ಬಾಂಬಿಗೆ ತುತ್ತಾದ ಮೇಲೆ ಇಳಿಯಲು ಜಾಗವೇ ಇಲ್ಲದೆ ಸಮುದ್ರಕ್ಕೆ ಇಳಿದು, ಗಂಟೆಗಟ್ಟಲೆ ನೀರಿನಲ್ಲಿ ತೇಲಿ ಬದುಕುಳಿದರು. ಅದೇ ವರ್ಷದ ಅಕ್ಟೋಬರ್ 17ರಂದು ಪೆಸಿಫಿಕ್ ಸಾಗರದ ಗ್ವಾಡಲ್‌ಕನಾಲ್ ದ್ವೀಪದ ಬಳಿ ಗುಂಡೇಟು ತಿಂದು ವಿಮಾನ ಬಿದ್ದು ತೀವ್ರವಾಗಿ ಗಾಯಗೊಂಡರು. ಮುಂದೆ ಯುದ್ಧ ಮುಗಿಯುವವರೆಗೂ ಹೊಸಬರಿಗೆ ಹಾರಾಟ ಕಲಿಸುವ ಕೆಲಸದಲ್ಲಿದ್ದರು. ಅವರು ತೀರಿಕೊಂಡಿದ್ದು 2016ರ ಮೇ 3ರಂದು, 99ನೆಯ ವಯಸ್ಸಿನಲ್ಲಿ.

ಈಗ ಸಂಗ್ರಹಾಲಯದ ಹಜಾರಕ್ಕೆ ಬರೋಣ. 1882ರಲ್ಲಿ ಆರಂಭವಾದ ಯೂಶೂಕಾನ್ ಎರಡನೆಯ ಮಹಾಯುದ್ಧದ ನಂತರ ದೀರ್ಘಕಾಲ ಮುಚ್ಚಿದ್ದು, 1986ರಲ್ಲಿ ಮತ್ತೆ ತೆರೆಯಿತು. ಈಗ ನಾವು ಕಾಣುವ ಗಾಜಿನ ಮುಂಭಾಗವಿರುವ ವಿಶಾಲ ಹಜಾರ 2002ರ ವಿಸ್ತರಣೆಯದು. ಈ ಹಜಾರಕ್ಕೆ ಟಿಕೆಟ್ ಬೇಕಿಲ್ಲ, ಇಲ್ಲಿ ಫೋಟೋ ತೆಗೆಯಲೂ ಅಡ್ಡಿಯಿಲ್ಲ, ಮತ್ತು ವಿಮಾನಪ್ರಿಯರಿಗೆ ಬೇಕಾದ ಮುಖ್ಯ ವಸ್ತು ಇಲ್ಲೇ ಇದೆ. ಗಾಜಿನಿಂದ ಬೀಳುವ ಬೆಳಕಿನಲ್ಲಿ ಹಸಿರು ಬಣ್ಣದ ಝೀರೋವನ್ನು ಸುತ್ತು ಹಾಕಿ ನೋಡಬಹುದು. ರೆಕ್ಕೆಯ ಮೇಲಿನ ರಿವೆಟ್ಟುಗಳನ್ನು ಎಣಿಸುವಷ್ಟು ಹತ್ತಿರ ನಿಲ್ಲಬಹುದು. ಬಣ್ಣ, ಲೋಹದ ಹೊಳಪು, ಚಕ್ರ, ಎಂಜಿನ್ನಿನ ಮುಚ್ಚಳ, ಯಾವುದರಲ್ಲೂ ಅಸಡ್ಡೆ ಕಾಣುವುದಿಲ್ಲ. ಇಷ್ಟು ಶ್ರದ್ಧೆಯಿಂದ ಕಾಪಾಡಿದ ಹಳೆಯ ವಿಮಾನವನ್ನು ನಾನು ಹೆಚ್ಚು ಕಡೆ ಕಂಡಿಲ್ಲ.

ಆದರೆ ಇದು ಹರಾದಾ ಅವರು ಕೊಲಂಬೋ ಮತ್ತು ಮಿಡ್‌ವೇ ಮೇಲೆ ಹಾರಿಸಿದ ಮಾದರಿಯಲ್ಲ. ಇಲ್ಲಿರುವುದು 52ನೆಯ ಮಾದರಿ, 1943ರಲ್ಲಿ ಬಂದದ್ದು. ರೆಕ್ಕೆಯ ಹರವು 11 ಮೀಟರ್. ಅವರು ಹಾರಿಸಿದ್ದು 21ನೆಯ ಮಾದರಿ. ಅದರ ಹರವು 12 ಮೀಟರ್, ಮತ್ತು ನೌಕೆಯ ಲಿಫ್ಟಿನಲ್ಲಿ ಹಿಡಿಸಲೆಂದು ರೆಕ್ಕೆಯ ತುದಿಗಳನ್ನು ತಲಾ ಅರ್ಧ ಮೀಟರ್ ಮಡಿಚುವ ಏರ್ಪಾಡು ಅದಕ್ಕಿತ್ತು. ಮೇಲೆ ಕಡು ಹಸಿರಿರಲಿಲ್ಲ, ಮೈಯೆಲ್ಲ ಮಾಸಲು ಬೂದು ಬಣ್ಣ. ಸೋರ್ಯೂವಿನ ವಿಮಾನಗಳನ್ನು ಗುರುತಿಸಲು ಹಿಂಭಾಗದಲ್ಲಿ ಒಂದು ನೀಲಿ ಪಟ್ಟಿ. ಅಂದರೆ ಹಜಾರದಲ್ಲಿರುವ ಮಾದರಿ ಬರುವ ಹೊತ್ತಿಗೆ ಹರಾದಾ ಆಗಲೇ ಬಿದ್ದು ಎದ್ದು ಪಾಠ ಹೇಳುವ ಕೆಲಸಕ್ಕೆ ಬಂದಿದ್ದರು. ಈ ವ್ಯತ್ಯಾಸ ವಿಮಾನದ ಗೀಳಿರುವವರಿಗೆ ಮಾತ್ರ ಮುಖ್ಯವೆನಿಸಬಹುದು. ಎಲ್ಲರಿಗೂ ಮುಖ್ಯವಾಗುವ ಸಂಗತಿ ಬೇರೆಯಿದೆ: ಝೀರೋ ಅಷ್ಟು ಹಗುರವಾಗಿ, ಅಷ್ಟು ಚುರುಕಾಗಿ, ಹೆಚ್ಚುವರಿ ಟ್ಯಾಂಕ್ ಸೇರಿಸಿದರೆ 3,000 ಕಿಲೋಮೀಟರಿಗೂ ದೂರ ಹಾರಬಲ್ಲದ್ದಾಗಿ ಇದ್ದುದಕ್ಕೆ ಕಾರಣಗಳಲ್ಲೊಂದು, ಪೈಲಟ್‌ನ ಬೆನ್ನಿಗೆ ರಕ್ಷಣೆಯ ಉಕ್ಕಿನ ಹಲಗೆ ಇಡದಿದ್ದುದು ಮತ್ತು ಗುಂಡು ತಗುಲಿದರೆ ತಾನೇ ಮುಚ್ಚಿಕೊಳ್ಳುವ ಇಂಧನ ಟ್ಯಾಂಕ್ ಹಾಕದಿದ್ದುದು. ವಿನ್ಯಾಸಕಾರ ಜಿರೋ ಹೊರಿಕೋಶಿ ಅವರ ಜಾಣ್ಮೆಯನ್ನು ಮೆಚ್ಚಿಕೊಳ್ಳುತ್ತ ನಿಂತ ಪ್ರೇಕ್ಷಕನಿಗೆ, ಆ ಹಗುರತನದ ಬೆಲೆ ತೆತ್ತವರು ಒಳಗೆ ಕುಳಿತವರು ಎಂಬುದು ತಾನಾಗಿ ಹೊಳೆಯುವುದಿಲ್ಲ, ಯಾರಾದರೂ ಹೇಳಬೇಕು.

ಇನ್ನೊಂದು ಸಂಗತಿಯನ್ನು ಹರಾದಾ ಅವರೇ ತಮ್ಮ ಇಳಿವಯಸ್ಸಿನ ಉಪನ್ಯಾಸಗಳಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದರು. ಗುರಿ ತಪ್ಪಬಾರದೆಂದು ಎದುರಾಳಿಯ ಹಿಂದೆ ತೀರ ಹತ್ತಿರಕ್ಕೆ ಹೋಗಿ ಗುಂಡು ಹಾರಿಸಬೇಕಾಗಿತ್ತು. ಅಷ್ಟು ಹತ್ತಿರದಲ್ಲಿ ಆ ಪೈಲಟ್‌ನ ಮುಖ ಕಾಣುತ್ತಿತ್ತು. ಆ ಮುಖಗಳು ಯುದ್ಧ ಮುಗಿದ ಮೇಲೂ ವರ್ಷಾನುಗಟ್ಟಲೆ ಅವರ ನಿದ್ದೆಗೆಡಿಸಿದವು. ಝೀರೋದ ಕಾಕ್‌ಪಿಟ್ಟಿನ ಗಾಜನ್ನು ಹಜಾರದಲ್ಲಿ ನಿಂತು ನೋಡುವಾಗ ಈ ಮಾತು ನೆನಪಿದ್ದರೆ ವಿಮಾನವೇ ಬೇರೆಯಾಗಿ ಕಾಣುತ್ತದೆ. ಪಕ್ಕದ ಫಲಕ ನಿಮಗೆ ತಾಂತ್ರಿಕ ವಿವರಗಳನ್ನು ಕೊಡುತ್ತದೆ, ಇದನ್ನು ಕೊಡುವುದಿಲ್ಲ.

ಅದೇ ಹಜಾರದಲ್ಲಿ ಝೀರೋದ ಜೊತೆಗೆ ಇನ್ನೊಂದು ದೊಡ್ಡ ವಸ್ತುವಿದೆ, ಸಿ 56 ವರ್ಗದ 31ನೆಯ ಸಂಖ್ಯೆಯ ಉಗಿಬಂಡಿ. ಥಾಯ್ಲೆಂಡಿನಿಂದ ಬರ್ಮಾಕ್ಕೆ ಜಪಾನಿ ಸೇನೆ ಹಾಕಿಸಿದ ರೈಲುಮಾರ್ಗದ 1943ರ ಉದ್ಘಾಟನೆಯಲ್ಲಿ ಓಡಿದ್ದ ಎಂಜಿನ್ ಇದು. 1979ರಲ್ಲಿ ಜಪಾನಿಗೆ ಮರಳಿ ತಂದರು. ಕಪ್ಪಗೆ ಹೊಳೆಯುವ ಅದರ ಮುಂದೆ ಫೋಟೋ ತೆಗೆಸಿಕೊಳ್ಳುವ ಭಾರತೀಯರು, ಆ ಹಳಿ ಹಾಕುವಾಗ ಸತ್ತವರಲ್ಲಿ 12,000ಕ್ಕೂ ಹೆಚ್ಚು ಯುದ್ಧಕೈದಿಗಳಲ್ಲದೆ, ಮಲಯದ ರಬ್ಬರ್ ತೋಟಗಳಿಂದ ಕರೆದೊಯ್ದ ತಮಿಳು ಕೂಲಿಗಳೂ ಬಹಳ ದೊಡ್ಡ ಸಂಖ್ಯೆಯಲ್ಲಿದ್ದರು ಎಂಬುದನ್ನು ತಾವೇ ತಿಳಿದುಕೊಂಡು ಬರಬೇಕಾಗುತ್ತದೆ.

ಒಳಗಿನ ಕೋಣೆಗಳಿಗೆ ಟಿಕೆಟ್ ಇದೆ. ನಾನು ಹೋದಾಗ ದೊಡ್ಡವರಿಗೆ 1,000 ಯೆನ್. ಎಸ್ಕಲೇಟರಿನಲ್ಲಿ ಮೇಲಕ್ಕೆ ಕಳುಹಿಸಿ, ಸಮುರಾಯ್ ಕಾಲದಿಂದ ಶುರು ಮಾಡಿ, ಮೇಜಿ ಚಕ್ರವರ್ತಿಯ ಕಾಲ, ರಷ್ಯಾದ ಮೇಲಿನ ಯುದ್ಧ, ಚೀನಾ, ಪೆಸಿಫಿಕ್ ಎಂದು ಕೋಣೆಯಿಂದ ಕೋಣೆಗೆ ಇಳಿಸುತ್ತ ತರುತ್ತಾರೆ. ವ್ಯವಸ್ಥೆ ಚೊಕ್ಕಟವಾಗಿದೆ, ಸಿಬ್ಬಂದಿ ಸೌಜನ್ಯದವರು. ಮುಖ್ಯ ಫಲಕಗಳಿಗೆ ಇಂಗ್ಲಿಷ್ ಅನುವಾದವಿದೆ; ಸೈನಿಕರು ಮನೆಗೆ ಬರೆದ ಪತ್ರಗಳು, ಕೊನೆಯ ಓಲೆಗಳು ಹೆಚ್ಚಿನವು ಜಪಾನಿ ಭಾಷೆಯಲ್ಲಿ ಮಾತ್ರ ಇವೆ. ಇದೊಂದು ದೊಡ್ಡ ನಷ್ಟವೇ, ಏಕೆಂದರೆ ಇಡೀ ಸಂಗ್ರಹಾಲಯದಲ್ಲಿ ಮನುಷ್ಯರ ದನಿ ಕೇಳುವ ಜಾಗ ಅದೊಂದೇ. ಒಳಗಿನ ಬಹುತೇಕ ಕೋಣೆಗಳಲ್ಲಿ ಫೋಟೋ ತೆಗೆಯುವಂತಿಲ್ಲ.

ಇತಿಹಾಸವನ್ನು ಹೇಳುವ ರೀತಿಯ ಬಗ್ಗೆ ಜಗಳಗಳು ಹೊಸತಲ್ಲ. ಅಮೆರಿಕವೇ ಜಪಾನನ್ನು ಬೇಕೆಂದೇ ಯುದ್ಧಕ್ಕೆ ನೂಕಿತು ಎಂಬರ್ಥದ ಬರಹ ಇಲ್ಲಿತ್ತು. ತೀವ್ರ ಟೀಕೆ ಬಂದ ಮೇಲೆ 2006ರ ಸುಮಾರಿಗೆ ಅದನ್ನು ತಿದ್ದಲು ಮುಂದಾದರು. 1937ರಲ್ಲಿ ಜಪಾನಿ ಸೇನೆ ವಶಪಡಿಸಿಕೊಂಡ ಚೀನಾದ ನಾನ್‌ಜಿಂಗ್ ನಗರದ ಕುರಿತ ಭಾಗ ಚುಟುಕಾಗಿದೆ, ಮತ್ತು ಅಲ್ಲಿ ನಡೆದ ಹತ್ಯಾಕಾಂಡದ ಹೆಸರೆತ್ತದೆ ಮುಗಿಯುತ್ತದೆ. ಪಾಲ್ ಅವರ ಸ್ಮಾರಕವನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಯುದ್ಧದ ನಂತರ ಗೆದ್ದ ದೇಶಗಳು ಜಪಾನಿನ ನಾಯಕರ ಮೇಲೆ ನಡೆಸಿದ ಟೋಕಿಯೋ ವಿಚಾರಣೆಯಲ್ಲಿ ಎಲ್ಲ ಆರೋಪಿಗಳನ್ನೂ ನಿರ್ದೋಷಿಗಳೆಂದ ಏಕೈಕ ನ್ಯಾಯಾಧೀಶ ಅವರೇ ಹೌದು, ಗೆದ್ದವರು ಸೋತವರ ಮೇಲೆ ನಡೆಸುವ ವಿಚಾರಣೆಯನ್ನು ಅವರು ಒಪ್ಪಲಿಲ್ಲ ಎಂಬುದೂ ಸರಿ. ಆದರೆ ಅದೇ ತೀರ್ಪಿನಲ್ಲಿ ಅವರು ಜಪಾನಿ ಪಡೆಗಳು ಎಸಗಿದ ಕ್ರೌರ್ಯಗಳಿಗೆ ಸಾಕ್ಷ್ಯ ಬಲವಾಗಿದೆ ಎಂದೂ ಬರೆದಿದ್ದಾರೆ. 2005ರಲ್ಲಿ ನಿಲ್ಲಿಸಿದ ಆ ಕಲ್ಲಿನ ಮುಂದೆ ಹೆಮ್ಮೆಯಿಂದ ನಿಲ್ಲುವ ನಮ್ಮವರು ಈ ಎರಡನೆಯ ಭಾಗವನ್ನೂ ತಿಳಿದಿರುವುದು ಒಳ್ಳೆಯದು.

ಪೆಸಿಫಿಕ್ ಯುದ್ಧದ ಕೋಣೆಗಳಲ್ಲಿ ನಾನು ಹುಡುಕಿದ್ದು ಹಿಂದೂ ಮಹಾಸಾಗರದ ದಾಳಿಯನ್ನು. ನಮ್ಮ ಮಟ್ಟಿಗೆ ಅದು ದೂರದ ಸಂಗತಿಯಲ್ಲ. ಹರಾದಾ ಕೊಲಂಬೋ ಮೇಲೆ ಹಾರಿದ ಮರುದಿನವೇ, 1942ರ ಏಪ್ರಿಲ್ 6ರಂದು, ರ್ಯೂಜೋ ಎಂಬ ಇನ್ನೊಂದು ನೌಕೆಯ ವಿಮಾನಗಳು ವಿಶಾಖಪಟ್ಟಣ ಮತ್ತು ಕಾಕಿನಾಡದ ಮೇಲೆ ಬಾಂಬು ಹಾಕಿದವು. ಆ ವಾರ ಮದರಾಸಿನ ಜನ ಭಯದಿಂದ ಊರು ಬಿಟ್ಟು ಒಳನಾಡಿನ ದಾರಿ ಹಿಡಿದರು. ಬೆಂಗಳೂರಿನಲ್ಲಿ 1940ರ ಕೊನೆಗೆ ವಾಲ್‌ಚಂದ್ ಹೀರಾಚಂದ್ ಅವರು ಕಟ್ಟಿದ್ದ ಹಿಂದುಸ್ತಾನ್ ವಿಮಾನ ಕಾರ್ಖಾನೆಯನ್ನು 1943ರ ಹೊತ್ತಿಗೆ ಅಮೆರಿಕದ ವಾಯುಪಡೆ ತನ್ನ ವಿಮಾನಗಳ ದುರಸ್ತಿಗಾಗಿ ನಡೆಸತೊಡಗಿದ್ದೂ ಇದೇ ಜಪಾನಿನ ವಿರುದ್ಧದ ಯುದ್ಧಕ್ಕಾಗಿ. ಎಚ್‌ಎಎಲ್‌ನ ಕೆಲಸಕ್ಕೆ ಹೋಗುತ್ತಿದ್ದ ಅಜ್ಜಂದಿರಿರುವ ಮನೆಗಳು ಬೆಂಗಳೂರಿನಲ್ಲಿ ಇವತ್ತಿಗೂ ಸಾಕಷ್ಟಿವೆ. ಯೂಶೂಕಾನ್‌ನಲ್ಲಿ ಆ ದಾಳಿಗೆ ಸಿಕ್ಕಿರುವ ಜಾಗ ಸಣ್ಣದು, ಅದೂ ನಕ್ಷೆಯ ಮೇಲಿನ ಬಾಣಗಳ ರೂಪದಲ್ಲಿ.

ಕೆಳಗಿನ ದೊಡ್ಡ ಸಭಾಂಗಣದಲ್ಲಿ ಟ್ಯಾಂಕ್, ಸೂಯ್‌ಸೇ ಬಾಂಬರ್, ಮನುಷ್ಯನೇ ನಡೆಸಿಕೊಂಡು ಹೋಗಿ ಸಾಯಬೇಕಾಗಿದ್ದ ಕಾಯ್‌ತೆನ್ ಟಾರ್ಪಿಡೊ, ಅದೇ ಬಗೆಯ ಓಕಾ ರಾಕೆಟ್ ವಿಮಾನದ ಪ್ರತಿಕೃತಿ ಇವೆ. ಅದರಾಚೆಗೆ ಗೋಡೆಯುದ್ದಕ್ಕೂ ಸಾವಿರಾರು ಸಣ್ಣ ಭಾವಚಿತ್ರಗಳು, ಒಂದೊಂದರ ಕೆಳಗೂ ಹೆಸರು. ಇಲ್ಲಿ ನಿಂತಾಗ ಸಂಗ್ರಹಾಲಯದ ತರ್ಕ ಪೂರ್ತಿ ಅರ್ಥವಾಗುತ್ತದೆ. ಯಾಸುಕುನಿ ಇರುವುದು ಯುದ್ಧದಲ್ಲಿ ಮಡಿದವರಿಗಾಗಿ. ಅಲ್ಲಿ ದೈವವಾಗಿ ಪೂಜಿಸಲ್ಪಡುವವರ ಸಂಖ್ಯೆ ಸುಮಾರು 24 ಲಕ್ಷ 66 ಸಾವಿರ, ಮತ್ತು 1978ರಿಂದ ಅದರಲ್ಲಿ ಟೋಕಿಯೋ ವಿಚಾರಣೆಯ ಮೊದಲ ದರ್ಜೆಯ 14 ಆರೋಪಿಗಳೂ ಸೇರಿದ್ದಾರೆ. ಸಂಗ್ರಹಾಲಯ ಆ ದೇಗುಲದ ಅಂಗ. ಹೊರಗೆ ಆತ್ಮಾಹುತಿ ದಾಳಿಯ ಪೈಲಟ್‌ನ ಕಂಚಿನ ಪ್ರತಿಮೆಯಿದೆ, ಯುದ್ಧದಲ್ಲಿ ದುಡಿದ ಕುದುರೆ, ನಾಯಿ, ಪಾರಿವಾಳಗಳಿಗೂ ಸ್ಮಾರಕಗಳಿವೆ, ಮಕ್ಕಳನ್ನು ಹಿಡಿದು ನಿಂತ ವಿಧವೆಯೂ ಇದ್ದಾಳೆ. ಬದುಕಿ ಬಂದು, ಎಪ್ಪತ್ತು ವರ್ಷ ಮತ್ತೊಂದು ಬಾಳು ಬಾಳಿದ ಹರಾದಾ ಅಂಥವರಿಗೆ ಈ ಚೌಕಟ್ಟಿನಲ್ಲಿ ಜಾಗವೇ ಇಲ್ಲ. ಅವರ ಹೆಸರು ನನ್ನ ಕಣ್ಣಿಗೆ ಎಲ್ಲಿಯೂ ಬೀಳಲಿಲ್ಲ. ಬೀಳದಿದ್ದುದರಲ್ಲಿ ಆಶ್ಚರ್ಯವೂ ಇಲ್ಲ.

ಇದನ್ನು ದೇಗುಲದ ಧಾರ್ಮಿಕ ಹಕ್ಕು ಎಂದು ಒಪ್ಪಬಹುದು. ಆದರೆ ದುಡ್ಡು ಕೊಟ್ಟು ಒಳಗೆ ಬಂದ ಪ್ರೇಕ್ಷಕನಿಗೆ ಇದರಿಂದ ಆಗುವ ನಷ್ಟ ಸಣ್ಣದಲ್ಲ, ಏಕೆಂದರೆ ಯುದ್ಧ ಹೇಗಿತ್ತು ಎಂದು ಹೇಳಬಲ್ಲವರು ಬದುಕಿ ಬಂದವರು ಮಾತ್ರ. ಮಿಡ್‌ವೇಯಲ್ಲಿ ನೀರಿನಿಂದ ಎತ್ತಿ ಯುದ್ಧನೌಕೆಗೆ ತಂದಾಗ ನಡೆದದ್ದನ್ನು ಹರಾದಾ ಹೇಳಿಕೊಂಡಿದ್ದಾರೆ: ಸುತ್ತಲೂ ಸುಟ್ಟು, ಕೈಕಾಲು ಕಳೆದುಕೊಂಡು ನರಳುತ್ತಿದ್ದವರಿದ್ದರು, ವೈದ್ಯರು ಹೆಚ್ಚು ಗಾಯವಿಲ್ಲದ ಇವರ ಬಳಿಗೆ ಮೊದಲು ಬಂದರು. ಅವರನ್ನು ಮೊದಲು ನೋಡಿ ಎಂದರೆ, ಯುದ್ಧದಲ್ಲಿ ಕ್ರಮ ತಿರುವುಮುರುವು, ಮತ್ತೆ ಹೋರಾಡಬಲ್ಲವನಿಗೆ ಮೊದಲು ಚಿಕಿತ್ಸೆ ಎಂಬ ಉತ್ತರ ಸಿಕ್ಕಿತು. ಯೂಶೂಕಾನ್‌ನ ಇಪ್ಪತ್ತರಷ್ಟು ಕೋಣೆಗಳಲ್ಲಿ ನಾನು ಓದಿದ ಯಾವ ಫಲಕವೂ ಯುದ್ಧವನ್ನು ಇಷ್ಟು ನೇರವಾಗಿ ನನಗೆ ವಿವರಿಸಲಿಲ್ಲ.

ಯುದ್ಧದ ನಂತರದ ಹರಾದಾ ಅವರ ಕಥೆಯಂತೂ ಇಲ್ಲಿನ ಕಾಲಾನುಕ್ರಮದ ಆಚೆಗೇ ಉಳಿದುಬಿಡುತ್ತದೆ. ಮಾಜಿ ಸೇನಾಧಿಕಾರಿಗಳಿಗೆ ಸರ್ಕಾರಿ ಕೆಲಸ ಮುಚ್ಚಿದ್ದ ಕಾಲ. ಅವರು ಬೇಸಾಯ ಮಾಡಿದರು, ಹಾಲು ಮಾರಿದರು. 1960ರ ದಶಕದಲ್ಲಿ ಪತ್ನಿಯೊಂದಿಗೆ ಸೇರಿ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ ಆರಂಭಿಸಿ, ಅದನ್ನು ಶಿಶುವಿಹಾರವಾಗಿ ಬೆಳೆಸಿದರು. ತಾವು ತೆಗೆದ ಜೀವಗಳ ಭಾರದಿಂದ ತಮ್ಮನ್ನು ಸ್ವಲ್ಪವಾದರೂ ಬಿಡಿಸಿದ್ದು ಆ ಮಕ್ಕಳ ಒಡನಾಟ ಎಂದು ಅವರೇ ಹೇಳುತ್ತಿದ್ದರು. ಅಲ್ಲಿಯವರೆಗೂ ಯುದ್ಧದ ಬಗ್ಗೆ ಹೆಚ್ಚು ಮಾತಾಡದಿದ್ದ ಮನುಷ್ಯ ಬಾಯಿ ಬಿಟ್ಟದ್ದು 1991ರ ಕೊಲ್ಲಿ ಯುದ್ಧದ ಸಮಯದಲ್ಲಿ: ಟಿವಿಯಲ್ಲಿ ಬಾಂಬು ಬೀಳುವುದನ್ನು ನೋಡಿ, ಇದು ವಿಡಿಯೋ ಗೇಮ್ ಇದ್ದ ಹಾಗಿದೆ ಎಂದು ಯುವಕರು ಆಡಿಕೊಳ್ಳುವುದನ್ನು ಕೇಳಿ ಅವರಿಗೆ ದಿಗಿಲಾಯಿತು. ತೊಂಬತ್ತು ದಾಟಿದ ಮೇಲೂ ನಾಗಾನೊದ ಸಭಾಂಗಣಗಳಲ್ಲಿ ನಿಂತು, ಯುದ್ಧದಷ್ಟು ಭಯಂಕರವಾದದ್ದು ಇನ್ನೊಂದಿಲ್ಲ ಎಂದು ಮಾತು ಶುರು ಮಾಡುತ್ತಿದ್ದರು. ಜಪಾನಿನ ಶಾಂತಿಪರ ಸಂವಿಧಾನವನ್ನು ಸಡಿಲಿಸುವ ರಾಜಕಾರಣಿಗಳ ಬಗ್ಗೆ ಕಳವಳವನ್ನೂ ಮುಚ್ಚಿಡುತ್ತಿರಲಿಲ್ಲ. ಇಂಥ ಮಾತು ಈ ಸಂಗ್ರಹಾಲಯದ ಧಾಟಿಗೆ ಹೊಂದುವುದಿಲ್ಲ ಎಂಬುದು ನನಗೆ ಗೊತ್ತು, ಆದರೆ ಝೀರೋದ ಪಕ್ಕದಲ್ಲಿ ಒಂದು ಸಣ್ಣ ಪರದೆಯಿಟ್ಟು, ಅದನ್ನು ಹಾರಿಸಿದವರು ಮುಪ್ಪಿನಲ್ಲಿ ಆಡಿದ ಮಾತುಗಳನ್ನು ಕೇಳಿಸಿದರೆ ವಿಮಾನದ ಘನತೆಗೇನೂ ಕುಂದಾಗದು.

ಹೊರಬರುವ ದಾರಿ ಅಂಗಡಿಯ ಮೂಲಕ. ಝೀರೋದ ಪ್ಲಾಸ್ಟಿಕ್ ಮಾದರಿಗಳು, ನೌಕಾಪಡೆಯ ‘ಕರಿ’ ಎಂಬ ಮಸಾಲೆ ಸಾರಿನ ಪೊಟ್ಟಣಗಳು, ಪುಸ್ತಕಗಳು, ಟೀ ಶರ್ಟುಗಳು ಇವೆ. ಸಸ್ಯಾಹಾರಿಗಳಿಗೆ ಎಚ್ಚರಿಕೆ: ಜಪಾನಿನ ಕರಿ ಪೊಟ್ಟಣಗಳಲ್ಲಿ ಮಾಂಸದ ಸಾರವೋ ಕೊಬ್ಬೋ ಇರುವುದೇ ಹೆಚ್ಚು, ಆದ್ದರಿಂದ ಪದಾರ್ಥಗಳ ಪಟ್ಟಿ ಓದದೆ ಕೊಳ್ಳಬೇಡಿ.

ಹೋಗುವ ದಾರಿ ಸುಲಭ. ಕುದಾನ್‌ಶಿತಾ ಮೆಟ್ರೋ ನಿಲ್ದಾಣದಲ್ಲಿ ಇಳಿದು ಏರುದಾರಿಯಲ್ಲಿ ಸ್ವಲ್ಪ ನಡೆದರೆ 25 ಮೀಟರ್ ಎತ್ತರದ ಉಕ್ಕಿನ ಹೆಬ್ಬಾಗಿಲು ಸಿಗುತ್ತದೆ. ಮುಂದೆ ನೇರ ನಡೆದು ದೇಗುಲದ ಬಲಕ್ಕೆ ತಿರುಗಬೇಕು. ಭಾರತದ ರಾಯಭಾರ ಕಚೇರಿ ಇರುವುದೂ ಕುದಾನ್ ಬಡಾವಣೆಯಲ್ಲೇ. ಪಾಸ್‌ಪೋರ್ಟಿನ ಕೆಲಸಕ್ಕೆ ಬಂದ ಕನ್ನಡಿಗರು ಅರ್ಧ ದಿನ ಉಳಿದರೆ ನಡೆದೇ ಬರಬಹುದು. ಒಳಗಿನ ಕೋಣೆಗಳನ್ನು ಓದುತ್ತ ನೋಡಲು ಎರಡು ಗಂಟೆಯಾದರೂ ಬೇಕು. ಇತಿಹಾಸ ಓದಿಕೊಂಡಿರುವ ದೊಡ್ಡವರಿಗೆ ಟಿಕೆಟ್ಟಿನ ಹಣ ದಂಡವಲ್ಲ, ಏಕೆಂದರೆ ಒಂದು ದೇಶದ ಒಂದು ವರ್ಗ ತನ್ನ ಯುದ್ಧವನ್ನು ಹೇಗೆ ನೆನಪಿಡಲು ಬಯಸುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಜಾಗ ಬೇರೆ ಇಲ್ಲ. ವಿಮಾನ ಮಾತ್ರ ಬೇಕಾದವರಿಗೆ ಉಚಿತ ಹಜಾರವೇ ಸಾಕು.

ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ನನ್ನ ಸಲಹೆ ಬೇರೆ. ಅದೇ ಕುದಾನ್‌ಶಿತಾ ನಿಲ್ದಾಣದ ಪಕ್ಕದಲ್ಲೇ ಶೋವಾಕಾನ್ ಎಂಬ ರಾಷ್ಟ್ರೀಯ ಸಂಗ್ರಹಾಲಯವಿದೆ. 1999ರಲ್ಲಿ ತೆರೆದ, ಕಿಯೋನೊರಿ ಕಿಕುತಾಕೆ ವಿನ್ಯಾಸದ, ಕಿಟಕಿಗಳೇ ಕಾಣದ ಬೂದು ಕಟ್ಟಡ. ಅಲ್ಲಿ ವಿಮಾನವೂ ಇಲ್ಲ, ವೀರರೂ ಇಲ್ಲ. ಯುದ್ಧಕಾಲದ ಪಡಿತರ, ಬಾಂಬಿನ ಭಯಕ್ಕೆ ಹಳ್ಳಿಗಳಿಗೆ ಸಾಗಿಸಿದ ಶಾಲಾ ಮಕ್ಕಳು, ಯುದ್ಧದ ನಂತರದ ಹಸಿವು, ಸಂಸಾರ ನಡೆಸಿದ ವಿಧವೆಯರು, ಇವರ ಮನೆಬಳಕೆಯ ವಸ್ತುಗಳು ಮಾತ್ರ ಇವೆ. ಹಾಲು ಮಾರಿ, ಮಕ್ಕಳ ಶಾಲೆ ಕಟ್ಟಿದ ಹರಾದಾ ಅವರ ಬಾಳಿನ ಎರಡನೆಯ ಅರ್ಧಕ್ಕೆ ಹೊಂದುವ ಹಿನ್ನೆಲೆ ಇಲ್ಲಿ ಸಿಗುತ್ತದೆ. ಶೋವಾಕಾನ್‌ಗೆ ಸೋಮವಾರ ರಜೆ, ಆದ್ದರಿಂದ ಎರಡನ್ನೂ ಒಂದೇ ದಿನ ನೋಡುವವರು ವಾರದ ಬೇರೆ ದಿನ ಆರಿಸಿಕೊಳ್ಳಬೇಕು, ಮತ್ತು ಮಕ್ಕಳಿಗೆ ದಣಿವಾಗುವ ಮುನ್ನ ಶೋವಾಕಾನ್ ಅನ್ನೇ ಮೊದಲು ನೋಡಿ ಮುಗಿಸಬೇಕು.